ಹೂಜಿ ಗಿಡಕ್ಕೆ ಕಾಲ್ಚಿ

ದಿಲ್ಮಾಗ್ರೆ
ಸೋಮವಾರ, ೧೪ ಜನವರಿ ೧೯೯೧

ನನ್ನ ಕಿರಿ ಮಗಳು ಸಿಲ್ಜೆಗೆ,

ನಿನ್ನ ಅಮ್ಮ ಕೇಳುವುದು: ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ತುರಾದ ಚಳಿಗೆ ಟ್ರೈನಿಂಗ್ ಶಾಲೆಯವರು ಇನ್ನೊಂದು ಕಂಬಳಿ ಕೊಟ್ಟರಾ? ನಾವು ಚೆನ್ನಾಗಿದ್ದೇವೆ. ಹಂದಿ ಮರಿ ಹಾಕಿದೆ. ನನ್ನ ಮಂಡಿನೋವು ಮದುವೆಯಾಗದ ತಂಗಿಯ ಹಾಗೆ, ಮನೆ ಬಿಟ್ಟು ಹೋಗುವುದಿಲ್ಲ. ಈಗ ವಿಷಯಕ್ಕೆ ಬರುತ್ತೇನೆ. ನಿಂತುಕೊಂಡು ಓದುತ್ತಿದ್ದರೆ ಕೂತುಕೋ.

ನಿನ್ನ ಗಿಡಗಳು ಸತ್ತವು. ಎಲ್ಲವೂ ಅಲ್ಲ. ಹಿಂದಿನ ಜಗಲಿಯಲ್ಲಿ ತೂಗುಹಾಕಿದ್ದ, ಹುಳ ಹಿಡಿದು ತಿನ್ನುವ ಹೂಜಿ ಗಿಡಗಳು ಹೋದವು. ಹಳೇ ಬೋಗುಣಿಯಲ್ಲಿದ್ದವಲ್ಲ, ಎಲೆ ತುಂಬ ಅಂಟಿನ ಇಬ್ಬನಿ ಹೊತ್ತುಕೊಂಡು ಸೊಳ್ಳೆಗೆ ಕಾಯುವ ಕೆಂಪು ಪುಟಾಣಿಗಳು, ಅವೂ ಹೋದವು. ಮಡಕೆಯ ನೀರಿನಲ್ಲಿ ಚೀಲ ಬಿಟ್ಟುಕೊಂಡು ತೇಲುವುದು ಬದುಕಿದೆ. ತುರಾದ ಸಿಸ್ಟರ್ ಕೊಟ್ಟ, ನೊಣ ಕೂತರೆ ಬಾಯಿ ಮುಚ್ಚುವ ಹಲ್ಲುಬಾಯಿ ಗಿಡವೂ ಬದುಕಿದೆ.

ಇದನ್ನು ಮಾಡಿದವನು ನಿನ್ನ ಗಂಡ. ತಡೆ, ಪೂರ್ತಿ ಕೇಳು.

ನೀನು ಹೋದ ದಿನದಿಂದ ತೆಂಗ್‌ಸಾಂಗ್ ಆ ಗಿಡಗಳನ್ನು ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡ. ಬಾವಿಯ ನೀರು ಬೇಡ, ಮಳೆನೀರೇ ಆಗಬೇಕು ಎಂದು ನೀನು ಹೇಳಿದ್ದೆಯಲ್ಲ, ಆ ಮಳೆನೀರಿನ ಹಂಡೆಯಲ್ಲಿ ನನಗೆ ಕೈ ತೊಳೆಯಲೂ ಬಿಡುತ್ತಿರಲಿಲ್ಲ. ಚಳಿಗಾಲ ಬಂತು. ಹೂಜಿಗಳ ಬಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿತು. ಪ್ರತಿ ವರ್ಷವೂ ಹಾಗಾಗುತ್ತದೆ ಎಂದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಗಿಡಕ್ಕೆ ಅಜೀರ್ಣವಾಗಿದೆ ಎಂದುಕೊಂಡ. ಮಾಂಸ ತಿನ್ನುವ ಗಿಡ, ಮಾಂಸ ಅರಗುತ್ತಿಲ್ಲ. ನಮ್ಮ ಮನೆಯಲ್ಲಿ ಹಂದಿ ಮಾಂಸ ಮೆತ್ತಗಾಗಲು ಏನು ಹಾಕುತ್ತೇವೆ? ಕಾಲ್ಚಿ. ನಾನು ಬಾಳೆಯ ಬೂದಿಗೆ ನೀರು ಸುರಿದು ಹನಿಹನಿಯಾಗಿ ಇಳಿಸಿಟ್ಟಿದ್ದ ಒಂದು ಮಡಕೆ ಕಾಲ್ಚಿ. ಅದನ್ನು ಒಂದೊಂದು ಹೂಜಿಗೂ ಚಮಚದಲ್ಲಿ ಕುಡಿಸಿದ್ದಾನೆ. ಜೊತೆಗೆ ನಂಜಿಕೊಳ್ಳಲು ಒಣಮೀನಿನ ಚೂರು. ಮಿಕ್ಕಿದ್ದನ್ನು ಬುಡಕ್ಕೆ ಸುರಿದಿದ್ದಾನೆ. ನೀರಿನ ಮಡಕೆಯ ಗಿಡವನ್ನು ಮರೆತದ್ದರಿಂದ ಅದು ಉಳಿಯಿತು. ಹಲ್ಲುಬಾಯಿಯ ಹತ್ತಿರ ಹೋಗಲು ಹೆದರಿಕೆಯಾಗಿ ಅದೂ ಉಳಿಯಿತು.

ವಾರ ಕಳೆಯುವುದರೊಳಗೆ ಎಲ್ಲ ಕಪ್ಪಾದವು. ನಾನು ಎದ್ದು ನೋಡಿದರೆ ಅವನ ಚಾಪೆ ಸುತ್ತಿಟ್ಟಿದೆ, ಆಳು ಇಲ್ಲ. ಅವನ ತಾಯಿಯ ಮನೆಗೆ ಹೇಳಿ ಕಳಿಸಿದೆ. ಅಲ್ಲಿಗೂ ಹೋಗಿಲ್ಲ.

ಮಗಳೇ, ನನ್ನ ಕಾಲದಲ್ಲಿ ಮದುಮಗ ಓಡುವುದು ಮರ್ಯಾದೆಯ ಲಕ್ಷಣವಾಗಿತ್ತು. ಓಡಿದ ನಿನ್ನ ಅಪ್ಪನನ್ನು ನಮ್ಮ ಹುಡುಗರು ಎರಡು ಸಲ ಹಿಡಿದು ಹೊತ್ತುಕೊಂಡು ಬಂದರು. ಎರಡನೆಯ ಸಲ ಅವರು ನಿಧಾನವಾಗಿ ನಡೆಯುತ್ತಿದ್ದಾರೆ ಎಂದು ಅವನೇ ಬೈದನಂತೆ. ಆದರೆ ಅದು ಮದುವೆಯ ದಿನದ ಆಟ. ಚರ್ಚಿನಲ್ಲಿ ಮದುವೆಯಾಗಿ, ಮನೆಅಳಿಯನಾಗಿ ಬಂದು, ಎಂಟು ತಿಂಗಳು ಉಂಡು, ಆಮೇಲೆ ಓಡಿದರೆ ಅದಕ್ಕೆ ಒಂದೇ ಅರ್ಥ. ನಿನ್ನ ವಾಲ್ಜಾನ್ ಮಾಮ ಕೋಲು ಊರಿಕೊಂಡು ಬಂದ.

“ಅಕ್ಕಾ, ಬೇಡ ಅನ್ನೋದನ್ನ ಕಾಲಲ್ಲಿ ಹೇಳಿದಾನೆ” ಅಂದ. “ಹೂಜಿಗೆ ಸತ್ತೋರ ಮೀನುಬುಟ್ಟಿ ಅಂತ ಹಿರೀಕರು ಸುಮ್ನೆ ಹೆಸರಿಟ್ರಾ? ಅದನ್ನ ಸಾಲಾಗಿ ಜಗಲೀಲಿ ತೂಗಾಕ್ಕೊಂಡರೆ ಮನೇಲಿ ಬದುಕಿರೋರು ನಿಲ್ತಾರಾ?”

“ಆ ಬುಟ್ಟಿಗಳು ಸತ್ತ ಮೇಲೇನೇ ಅವನು ಹೋಗಿದ್ದು ಕಣೋ” ಅಂದೆ.

ಅವನು ನಗಲಿಲ್ಲ. ಭಾನುವಾರ ಎರಡೂ ಕುಲದವರನ್ನು ಕೂರಿಸುತ್ತೇನೆ, ಅಷ್ಟರೊಳಗೆ ಬಾರದಿದ್ದರೆ ಈ ಮದುವೆ ಮುಗಿಯಿತು, ನಿನ್ನ ಅಪ್ಪನ ತಂಗಿಯ ಮನೆಯಿಂದಲೇ ತೆಂಗ್‌ಸಾಂಗ್‌ನ ತಮ್ಮನನ್ನು ನಿನಗೆ ಕೇಳೋಣ ಎಂದ. ಆ ತಮ್ಮನನ್ನು ನೀನು ನೋಡಿದ್ದೀಯಲ್ಲ, ಗೊರಕೆಗೆ ಅವರ ಮನೆಯ ನಾಯಿ ಬೊಗಳುತ್ತದೆ.

ಅಳಿಯನನ್ನು ಕರೆತರಲು ಗಂಡಸರು ಹೋಗುವುದು ಪದ್ಧತಿ. ನಾನೇ ಹೋದೆ. ಸಿಮ್ಸಾಂಗ್ ಹೊಳೆ ದಾಟುವಾಗ ದೋಣಿಯವನು ಹೇಳಿದ, “ನಿಮ್ಮ ಅಳಿಯನಾ? ಬಾಘ್ಮಾರದ ನರ್ಸರಿ ಕಡೆ ಹೋದ. ಒಣಗಿದ ಗಿಡಾನ ಎದೆಗೆ ಅವಚ್ಕೊಂಡಿದ್ದ, ಜ್ವರ ಬಂದ ಮಗೂನ ಆಸ್ಪತ್ರೆಗೆ ಒಯ್ತಾರಲ್ಲ, ಹಾಗೆ.”

ನರ್ಸರಿಯಲ್ಲಿ ಇದ್ದ. ಪಾಚಿ ಹೊರುತ್ತಿದ್ದ. ಕಾಡಿನಿಂದ ಕಿತ್ತು ತರುವುದು ತಪ್ಪು, ಕೆಲಸ ಮಾಡಿಕೊಟ್ಟರೆ ನಮ್ಮ ಗಿಡದ್ದೇ ಒಂದು ತುಂಡು ಕತ್ತರಿಸಿ ಕೊಡುತ್ತೇವೆ ಎಂದು ಅಲ್ಲಿಯವರು ಹೇಳಿದ್ದರಂತೆ. ನನ್ನನ್ನು ಕಂಡು ಬುಟ್ಟಿಯ ಹಿಂದೆ ಅಡಗಿಕೊಳ್ಳಲು ನೋಡಿದ. ಅಷ್ಟು ದೊಡ್ಡ ಆಳು, ಅಷ್ಟು ಸಣ್ಣ ಬುಟ್ಟಿ.

“ಇಲ್ಲೇನಪ್ಪಾ ಮಾಡ್ತಿದೀಯ?” ಎಂದೆ.

“ಗಿಡ ಹುಟ್ಟಿಸ್ತಿದೀನಿ ಅತ್ತೆ. ಬರೀ ಕೈಯಲ್ಲಿ ಹೆಂಗೆ ಬರ್ಲಿ?”

“ಅದು ಬೇರು ಬಿಡೋದು ಯಾವಾಗ?”

“ಮಳೆಗಾಲದ ಹೊತ್ತಿಗೆ ಅಂತೆ.”

“ಅಷ್ಟೊತ್ತಿಗೆ ನಮ್ಮ ಮನೇಲಿ ನಿನ್ನ ತಮ್ಮ ಬೇರು ಬಿಟ್ಟಿರ್ತಾನೆ” ಎಂದೆ.

ಭಾನುವಾರದ ಕೂಟದ ವಿಷಯ ಅವನಿಗೆ ತಿಳಿದೇ ಇರಲಿಲ್ಲ. ಪಾಚಿಯ ರಾಶಿಯ ಮೇಲೇ ಕೂತುಬಿಟ್ಟ. ನಾನೂ ಕೂತೆ. ನಿಲ್ಲಲು ಮಂಡಿ ಎಲ್ಲಿದೆ? ಕೈಗೆ ಮೆತ್ತಿದ ಪಾಚಿ ಒರೆಸಿಕೊಳ್ಳುತ್ತಾ ಹೇಳಿದ, “ಅವಳು ಆ ಗಿಡಗಳ ಜೊತೆ ಮಾತಾಡ್ತಾಳಲ್ಲ ಅತ್ತೆ, ಹಾಗೆ ನನ್ನ ಜೊತೆ ಒಂದು ದಿನಾನೂ ಮಾತಾಡಿಲ್ಲ. ಗಿಡ ಚೆನ್ನಾಗಿದ್ದರೆ ಅದರ ನೆಪದಲ್ಲಾದರೂ ಮಾತಾಡ್ತಾಳೆ ಅನ್ಕೊಂಡಿದ್ದೆ. ಅದನ್ನೂ ಕೊಂದೆ.”

ಮಗಳೇ, ಇದಕ್ಕೆ ಉತ್ತರ ಕೊಡಬೇಕಾದವಳು ನೀನು. ನಿನ್ನ ಹತ್ತಿರ ಅದು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕಿರಿ ಮಗಳಾದ್ದರಿಂದ ಮನೆ ನಿನ್ನದು, ಕುಲದವರು ಒಬ್ಬನನ್ನು ತಂದು ಕೂರಿಸಿದರು, ನಿನ್ನನ್ನು ಯಾರು ಕೇಳಿದರು? ನನ್ನನ್ನೂ ಯಾರೂ ಕೇಳಿರಲಿಲ್ಲ. ನಿನ್ನ ಅಪ್ಪ ಮೊದಲ ವರ್ಷವೆಲ್ಲ ನಮ್ಮ ಕೋಳಿಗಳ ಜೊತೆ ಮಾತಾಡುತ್ತಿದ್ದ. ನನಗೆ ಕೇಳಿಸುವ ಹಾಗೆ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಅಂಗಳದಲ್ಲಿ ಎಲ್ಲ ಕೂತರು. ಇವನು ಒಂದು ಮೂಲೆಯಲ್ಲಿ, ಒದ್ದೆ ಪಾಚಿಯಲ್ಲಿ ಸುತ್ತಿದ ಒಂದು ಗೇಣಿನ ಕಡ್ಡಿ ಹಿಡಿದುಕೊಂಡು ಕೂತ. ನಿನ್ನ ಮಾಮ ಅವನನ್ನು ಮೇಲಿಂದ ಕೆಳಗೆ ನೋಡಿ, “ಹುಲಿಗೆ ಹೆದರಿ ಓಡಿದೋರನ್ನ ನೋಡಿದೀನಿ, ಹೆಂಡ್ತಿಗೆ ಹೆದರಿ ಓಡಿದೋರನ್ನೂ ನೋಡಿದೀನಿ, ನಾನೇ ಓಡಿದೀನಿ. ಗಿಡಕ್ಕೆ ಹೆದರಿ ಓಡಿದೋನು ನೀನೇ ಮೊದಲು” ಅಂದ. ಆಮೇಲೆ ಗಟ್ಟಿ ದನಿಯಲ್ಲಿ, ಅಕ್ಕನ ಮಗಳ ಸೊತ್ತು ಹಾಳು ಮಾಡಿ ಮನೆ ಬಿಟ್ಟವನನ್ನು ಮತ್ತೆ ಮನೆಗೆ ಸೇರಿಸುವುದು ಹೇಗೆ ಎಂದು ಕೇಳಿದ. ನಾನು ಎದ್ದು ಎರಡು ಮಾತು ಹೇಳಿದೆ. ಎಲ್ಲರೂ ನಕ್ಕರು. ಅಲ್ಲಿಗೆ ಕೂಟ ಮುಗಿಯಿತು, ಹುಡುಗ ಮನೆಯಲ್ಲೇ ಉಳಿದ. ಏನು ಹೇಳಿದೆ ಎಂದು ಕೇಳಬೇಡ, ಮುದುಕಿಯರ ಮಾತು, ಕಾಗದಕ್ಕೆ ಹಿಡಿಸುವುದಿಲ್ಲ.

ಕಡ್ಡಿಯನ್ನು ಹೊಸ ಪಾಚಿಯಲ್ಲಿ ನೆಟ್ಟಿದ್ದೇವೆ. ಹಳೇ ಹೂಜಿ ಗಿಡಗಳಲ್ಲಿ ಒಂದರ ಬುಡ ಕೆರೆದರೆ ಒಳಗೆ ಹಸಿರಿದೆ. ಚಿಗುರುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಕಾಲ್ಚಿಯ ಮಡಕೆಯನ್ನು ಅಟ್ಟದ ಮೇಲೆ ಇಟ್ಟಿದ್ದೇನೆ, ಈಗ ಅಡುಗೆಗೆ ಬೇಕಾದರೆ ನನಗೇ ಎಟುಕುವುದಿಲ್ಲ.

ಸಿಟ್ಟು ಮಾಡಬೇಡ ಎಂದು ನಾನು ಹೇಳುವುದಿಲ್ಲ. ಮಾಡು. ಆದರೆ ಸುಮ್ಮನಿರಬೇಡ. ಅವನನ್ನು ಬೈದು ಬರೆ. ಬೈಗುಳವಾದರೂ ಮಾತೇ ತಾನೇ?

ಪರೀಕ್ಷೆ ಚೆನ್ನಾಗಿ ಬರೆ. ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ರಂಗ್ಮೆ

ಮತ್ತೆ: ಪ್ರತಿ ಸಲ ಅತ್ತೆಯ ಕಾಗದ ಬರೆದುಕೊಡುವ ಪಾದ್ರಿಯ ಹೆಂಡತಿ ಊರಿನಲ್ಲಿಲ್ಲ. ಅತ್ತೆ ಹೇಳುತ್ತಾ ಹೋದರು, ಮೇಲಿನದೆಲ್ಲ ಬರೆದವನು ನಾನು, ತೆಂಗ್‌ಸಾಂಗ್. ಬುಟ್ಟಿಯ ಹಿಂದೆ ಅಡಗಿದ್ದನ್ನು ಬಿಟ್ಟುಬಿಡೋಣ ಎಂದು ಕೇಳಿದೆ, ಒಂದಕ್ಷರವೂ ಬಿಡಕೂಡದು ಎಂದರು. ಪಾಚಿಯ ಮೇಲೆ ಕೂತು ನಾನು ಹೇಳಿದ ಮಾತನ್ನು ಬರೆಯುವಾಗ ನಿಲ್ಲಿಸಿದೆ. ಅದನ್ನು ಎರಡು ಸಲ ಹೇಳಿ ಬರೆಸಿದರು. ಈಗ ಅವರು ಹಂದಿಗೆ ಕಲಗಚ್ಚು ಹಾಕಲು ಹೋಗಿದ್ದಾರೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಕೂಟದಲ್ಲಿ ಅತ್ತೆ ಹೇಳಿದ ಎರಡು ಮಾತು ಇದು: “ಗಿಡಕ್ಕೆ ಕಾಲ್ಚಿ ಕುಡಿಸಿದವಳು ನಾನು. ಬೈದದ್ದು ಅವನನ್ನು, ತಾಳದೆ ಹುಡುಗ ಓಡಿದ.” ನಿಜ ಹೇಳಲು ನಾನು ಎದ್ದೆ, ತೊಡೆ ಚಿವುಟಿ ಕೂರಿಸಿದರು. ನಿನ್ನೆಯಿಂದ ಊರಿನ ಮಕ್ಕಳೆಲ್ಲ ಅವರನ್ನು ಕಂಡರೆ, “ಅಜ್ಜೀ, ಗಿಡಕ್ಕೆ ಅನ್ನ ಆಯ್ತಾ?” ಎಂದು ಕೇಳುತ್ತಾರೆ. ಅವರು ನಗುತ್ತಾರೆ. ನೀನು ಬಂದ ಮೇಲೆ ವಾಲ್ಜಾನ್ ಮಾಮನ ಮುಂದೆ ನಾನು ನಿಜ ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಂತಿರು, ಸಾಕು. ನನ್ನ ಅಕ್ಷರ ದೊಡ್ಡ ದೊಡ್ಡದು ಎಂದು ನಾಚಿಕೊಂಡು ಇಷ್ಟು ದಿನ ನಿನಗೆ ಬರೆದಿರಲಿಲ್ಲ. ಉತ್ತರ ಬರೆಯುವುದಾದರೆ ಈ ಸಲ ನನ್ನ ಹೆಸರಿಗೆ ಬರೆ. ಬೈದಿದ್ದರೂ ನಾನೇ ಓದಿಕೊಳ್ಳುತ್ತೇನೆ.