ಹೀಟರ್ ಕೆಟ್ಟಿಲ್ಲ

ಮನೆ, ಅಡುಗೆಮನೆಯ ಮೇಜಿನಿಂದ
ಜನವರಿ ೧೯, ಸೋಮವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

(‘ಪ್ರೀತಿಯ’ ಎನ್ನುವುದು ಅಭ್ಯಾಸಬಲದಿಂದ ಬಂತು. ಅದನ್ನೇ ಹಿಡಿದುಕೊಂಡು ಅಕ್ಕನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ.)

ಹೇಗಿದ್ದೀಯ? ಚೆನ್ನಾಗಿಯೇ ಇರುತ್ತೀಯ ಬಿಡು. ಸೇತುವೆ ಕಟ್ಟುವ ಜಾಗದಲ್ಲಿ ಬಿಸಿನೀರು, ಬೆಚ್ಚಗಿನ ಕೋಣೆ ಎಲ್ಲ ಕೊಟ್ಟಿದ್ದಾರೆ ಎಂದು ನೀನೇ ಹೇಳಿದ್ದೆಯಲ್ಲ. ಶನಿವಾರದಿಂದ ನಿನ್ನ ಫೋನು ಬಡಿದುಕೊಳ್ಳುತ್ತಲೇ ಇದೆ. ನಾನು ಎತ್ತುತ್ತಿಲ್ಲ, ಬೇಕೆಂದೇ ಎತ್ತುತ್ತಿಲ್ಲ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ ‘ಅಕ್ಕಾ, ಒಂದ್ನಿಮಿಷ ಕೇಳಿಲ್ಲಿ’ ಎಂದು ಶುರು ಮಾಡುತ್ತೀಯ, ಕೊನೆಗೆ ನಾನೇ ನಿನಗೆ ಸಮಾಧಾನ ಹೇಳಿ ಇಡುವಂತಾಗುತ್ತದೆ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಾಗುವುದಿಲ್ಲ. ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ಪೂರ್ತಿ ಓದು.

ನಿನ್ನ ಮೆಸೇಜುಗಳನ್ನೆಲ್ಲ ನೋಡಿದೆ. ‘ಗಾಜಿನ ಮನೆ ಟೆಂಪರೇಚರ್ ಕಾಣ್ತಿಲ್ಲ.’ ‘ವೈಫೈ ಹೋಗಿದ್ಯಾ ನೋಡು.’ ‘ಆರ್ಕಿಡ್ ಎಲೆ ಬಾಡಿದ್ಯಾ? ಫೋಟೋ ಕಳ್ಸು.’ ಒಂದರಲ್ಲಾದರೂ ‘ಅಪ್ಪ ಹೇಗಿದಾರೆ’ ಎಂದು ಇದೆಯೇ ಎಂದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು ಕಣೋ. ವೈಫೈ ಎಲ್ಲಿಗೂ ಹೋಗಿಲ್ಲ. ನಿನ್ನ ಫೋನಿನ ಮಾತು ಕೇಳಿ ಗಿಡಗಳ ಗಾಜಿನ ಮನೆಯ ಹೀಟರನ್ನು ಏರಿಸಿ ಇಳಿಸುತ್ತಿದ್ದ ಆ ಬಿಳಿ ಡಬ್ಬಿಯನ್ನು ನಾನೇ ಕಿತ್ತು ಡ್ರಾಯರಿಗೆ ಎಸೆದಿದ್ದೇನೆ. ಈಗ ಹೀಟರ್ ನನ್ನ ಕೈಯ ಮಾತು ಮಾತ್ರ ಕೇಳುತ್ತದೆ.

ಯಾಕೆ ಎಂದು ಕೇಳು. ಮನೆ ಬೆಚ್ಚಗಿಡುವ ಬಾಯ್ಲರ್ ಈ ತಿಂಗಳ ಮೊದಲ ವಾರವೇ ಕೈಕೊಟ್ಟಿತು. ರಿಪೇರಿಯವನು ಬಂದ, ಮುಚ್ಚಳ ತೆಗೆದ, ತಲೆ ಕೆರೆದುಕೊಂಡ, ಮುಚ್ಚಳ ಹಾಕಿದ, ‘ಪಾರ್ಟ್ ಬರ್ಬೇಕು ಮೇಡಂ’ ಎಂದು ಹೋದ. ಆ ಪಾರ್ಟು ಇನ್ನೂ ಬರುತ್ತಲೇ ಇದೆ. ಅಪ್ಪನ ಕೋಣೆಯಲ್ಲಿ ಸಣ್ಣ ಹೀಟರ್ ಹಚ್ಚೋಣವೆಂದರೆ ಫ್ಯೂಸ್ ಹಾರುತ್ತದೆ, ಯಾಕೆಂದರೆ ನಿನ್ನ ಗಾಜಿನ ಮನೆಗೂ ಅದೇ ಲೈನಿನಿಂದ ಕರೆಂಟ್ ಎಳೆದಿದ್ದೀಯ. ಇಡೀ ಮನೆಯಲ್ಲಿ ಬೆಚ್ಚಗಿದ್ದ ಜಾಗ ಎಂದರೆ ನಿನ್ನ ಗಿಡಗಳದ್ದು. ಅವಕ್ಕೆ ಮಾಡಿದ ಉಪಚಾರವೇನು ಕಡಿಮೆಯೇ! ಒಳಗಿನಿಂದ ಗಾಜಿಗೆಲ್ಲ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿದ್ದೀಯ. ಹಗಲಿನ ಬಿಸಿಲು ಹೀರಿಕೊಂಡು ಸಂಜೆಗೆ ಬಿಡಲಿ ಎಂದು ನೀರು ತುಂಬಿದ ಕಪ್ಪು ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿದ್ದೀಯ. ಬಿಸಿಗಾಳಿ ಮೂಲೆಮೂಲೆಗೂ ತಿರುಗಲಿ ಎಂದು ಫ್ಯಾನು ಬೇರೆ. ಅಪ್ಪನ ಕಿಟಕಿಯ ಸಂದಿಗೆ ಒಂದು ಚಿಂದಿ ಬಟ್ಟೆ ತುರುಕಲು ಮಾತ್ರ ನಿನಗೆ ಪುರುಸೊತ್ತಾಗಲಿಲ್ಲ.

ಹಾಗಾಗಿ ಅಪ್ಪನ ಕುರ್ಚಿಯನ್ನು ಆ ಡ್ರಮ್ಮುಗಳ ಪಕ್ಕ ಹಾಕಿದೆ. ಕೆಮ್ಮು ಅರ್ಧಕ್ಕರ್ಧ ಇಳಿಯಿತು. ಜೀವಮಾನವಿಡೀ ಬಸ್ ಓಡಿಸಿದ ಮನುಷ್ಯ, ಗಾಜಿನ ಹಿಂದೆ ಅದೇ ಗತ್ತಿನಲ್ಲಿ ಕೂತು, ಹಿತ್ತಲು ದಾಟುವ ಬೆಕ್ಕುಗಳನ್ನೆಲ್ಲ ‘ಸೈಡ್ ನೋಡ್ಕೊಂಡ್ ಹೋಗೋ’ ಎಂದು ಗದರಿಸುತ್ತಿದ್ದರು. ನಿನಗೆ ತಿಳಿಸುತ್ತೇನೆ ಎಂದರೆ ಬಿಡಲಿಲ್ಲ. ‘ಹೇಳ್ಬೇಡಮ್ಮಾ, ನನ್ ಕೆಮ್ಮು ಎಲ್ಲಿ ಗಿಡಕ್ಕೆ ಅಂಟುತ್ತೋ ಅಂತ ಹೆದರ್ಕೋತಾನೆ’ ಎಂದು ನಕ್ಕರು. ನಾನೂ ನಕ್ಕೆ.

ಶುಕ್ರವಾರ ನನಗೆ ಲಾಂಡ್ರಿಯಲ್ಲಿ ಸಂಜೆ ಪಾಳಿ. ನಾನಲ್ಲಿ ಹೋಟೆಲಿನವರ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ನಿನ್ನ ಮೆಸೇಜು ಬಂತು: ‘ಹೀಟರ್ ಇಳಿಸಿದೀನಿ ಅಕ್ಕಾ, ಸ್ವಲ್ಪ ಚಳಿ ತಾಗಿದ್ರೆ ಮೊಗ್ಗು ಬರುತ್ತೆ.’ ಅದರ ಕೊನೆಗೊಂದು ಹೂವಿನ ಚಿತ್ರ. ಆ ಗದ್ದಲದಲ್ಲಿ ಅದು ನನ್ನ ಕಣ್ಣಿಗೆ ಬಿದ್ದದ್ದು ಕೆಲಸ ಮುಗಿಸಿ ಕೋಟು ಹಾಕಿಕೊಳ್ಳುವಾಗ. ಓಡಿದೆ. ಅಪ್ಪನ ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ‘ಅಪ್ಪಾ’ ಎಂದು ಕೂಗಿದರೆ ಉತ್ತರ ತಡವಾಗಿ ಬರುತ್ತಿತ್ತು. ಮಾರನೆಯ ಬೆಳಿಗ್ಗೆಯಿಂದ ಜ್ವರ. ಎದೆಯಲ್ಲಿ ಕಫ ಕಟ್ಟಿದೆ, ಔಷಧಿಗೆ ಬಗ್ಗದಿದ್ದರೆ ಆಸ್ಪತ್ರೆಗೆ ಸೇರಿಸಬೇಕು, ಈ ವಯಸ್ಸಿನಲ್ಲಿ ಏನೂ ಹೇಳಲಾಗದು ಎಂದಿದ್ದಾರೆ ಡಾಕ್ಟರು. ಜ್ವರ ಇನ್ನೂ ಬಿಟ್ಟಿಲ್ಲ.

‘ನನಗೇನು ಗೊತ್ತಿತ್ತು’ ಎನ್ನುತ್ತೀಯ. ಗೊತ್ತಿರಲಿಲ್ಲ, ಒಪ್ಪಿದೆ. ಕೇಳಿದ್ದರೆ ತಾನೇ ಗೊತ್ತಾಗುವುದು? ಗಿಡಗಳ ಮೈ ಎಷ್ಟು ಬಿಸಿಯಿದೆ ಎಂದು ಗಳಿಗೆಗೊಮ್ಮೆ ಫೋನು ತೆರೆದು ನೋಡುವವನಿಗೆ ‘ಅಪ್ಪಾ, ಚಳಿ ಹೇಗಿದೆ’ ಎನ್ನಲು ಬಾಯಿ ಬಿದ್ದುಹೋಗಿತ್ತೇ? ಕುಂಡ ಇಡುವ ನಿನ್ನ ಕಬ್ಬಿಣದ ಸ್ಟ್ಯಾಂಡನ್ನು ಹಿತ್ತಲಿಗೆ ಹಾಕಿ, ಅಪ್ಪನ ಮಂಚವನ್ನೇ ಗಾಜಿನ ಮನೆಯೊಳಗೆ ತಂದಿದ್ದೇನೆ. ಆರ್ಕಿಡ್ಡುಗಳು ಮಂಚದ ಕೆಳಗಿವೆ. ಬದುಕಿದರೆ ಬದುಕಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎತ್ತರಕ್ಕೆ ಹತ್ತುವಾಗ ಸೊಂಟದ ಬೆಲ್ಟ್ ಮರೆಯಬೇಡ. ಇಷ್ಟು ಬೈದ ಮೇಲೂ ಇದನ್ನು ಬರೆಯದೆ ಕೈ ಸುಮ್ಮನಿರುವುದಿಲ್ಲ, ಏನು ಮಾಡಲಿ. ನಿನಗೆ ಒಳ್ಳೆಯದೇ ಆಗಲಿ.

ಇಂತಿ,
ನಿನ್ನ ಅಕ್ಕ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಅವತ್ತು ನಾನು ಒಳಗೆ ಹೋದಾಗ ಅಪ್ಪನ ಮೈಮೇಲೆ ಬರೀ ಅಂಗಿ ಇತ್ತು. ಕಂಬಳಿಯನ್ನು ನಿನ್ನ ಗಿಡಗಳಿಗೆ ಹೊದಿಸಿದ್ದರು. ಸ್ವೆಟರನ್ನು ದೊಡ್ಡ ಕುಂಡಕ್ಕೆ ಸುತ್ತಿದ್ದರು. ಬಾಗಿಲು ತೆರೆದರೆ ಇದ್ದ ಬಿಸಿಯೂ ಆಚೆ ಹೋಗುತ್ತದೆ ಎಂದು ಪಕ್ಕದ ಮನೆಯವರನ್ನೂ ಕೂಗಿರಲಿಲ್ಲ. ‘ಹೀಟರ್ ಕೆಟ್ಟೋಯ್ತಮ್ಮಾ, ಪಾಪ ಅವ್ನು ಅಷ್ಟು ದೂರದಲ್ಲಿದಾನೆ, ಬರೋಷ್ಟರಲ್ಲಿ ಎಲ್ಲಾ ಸತ್ತೋಗುತ್ತೆ’ ಎಂದರು. ಜ್ವರದಲ್ಲೂ ಇವತ್ತಿನವರೆಗೆ ಆ ಹೀಟರಿಗೇ ಬೈಯುತ್ತಿದ್ದಾರೆ. ಅದು ಕೆಟ್ಟಿರಲಿಲ್ಲ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ರಜೆ ಕೇಳಬೇಡ, ಹೊರಟು ಬಾ. ಬಂದು ನೀನೇ ಹೇಳು.