ಯಾರ ಜಡೆ ಎಳೆಯಲಿ

ಫೆಬ್ರವರಿ 4
ಟವೆಲ್ ಒಗೆದೆ. ಬಾಚಣಿಗೆಗಳನ್ನು ಬಿಸಿನೀರಿಗೆ ಹಾಕಿದೆ. ಗುಡಿಸಿದಷ್ಟೂ ಕೂದಲು ಬೀಳುತ್ತದೆ. ಕೂತಲ್ಲಿ ಕೂರಲಾರದೆ ಸ್ಕೂಲ್ ಬಿಟ್ಟವಳಿಗೆ ಈ ಪಾರ್ಲರಿನಲ್ಲಿ ಕೂರಲು ಸ್ಟೂಲೂ ಇಲ್ಲ ಎಂದು ಓನರ್ ಅಕ್ಕ ನಗುತ್ತಾರೆ.

ಅದು ಅರ್ಧ ಕಾರಣ. ಇನ್ನರ್ಧ ನಮ್ಮ ಕ್ಲಾಸ್ ಲೀಡರ್. ಹಿಂದಿನ ಬೆಂಚಿನಿಂದ ದಿನಾ ನನ್ನ ಜಡೆ ಎಳೆಯುತ್ತಿದ್ದಳು. ಇಡೀ ಕ್ಲಾಸು ಅವಳಿಗೆ ಹೆದರುತ್ತಿತ್ತು.

ಸಂಜೆ ನನ್ನ ತಮ್ಮ ಫೋನ್ ನೋಡಿ ಒಬ್ಬನೇ ನಗುತ್ತಿದ್ದ. ವಾಟ್ಸಾಪ್ ಸ್ಟಿಕರ್. ಬಾಯಿ ತೆರೆದು ಅಳುವ ಹುಡುಗಿ. ನೋಡಿದರೆ... ಲೀಡರ್! ಮೆಟ್ಟಿಲಿಂದ ಬಿದ್ದು ಅತ್ತಿದ್ದಳಂತೆ, ಯಾರೋ ವೀಡಿಯೊ ತೆಗೆದರಂತೆ.

ಖುಷಿಯಾಯಿತು. ಸುಳ್ಳು ಬರೆಯುವುದಿಲ್ಲ. ಹೊಟ್ಟೆ ತಣ್ಣಗಾಯಿತು.

ಫೆಬ್ರವರಿ 6
ಸ್ಟಿಕರಿನ ಹುಡುಗಿ ಯಾರು ಗೊತ್ತಾ ಎಂದು ತಮ್ಮನನ್ನು ಕೇಳಿದೆ.

“ಯಾರಾದ್ರೆ ಏನು? ಹೋಮ್‌ವರ್ಕ್ ಜಾಸ್ತಿ ಆದ್ರೆ ಗ್ರೂಪಿಗೆ ಹಾಕ್ತೀವಿ, ಅಷ್ಟೇ.”

ಅವಳ ಮೇಲೆ ಅವನಿಗೆ ಸಿಟ್ಟಿಲ್ಲ. ಹುಬ್ಬು ತೀಡಿಸಲು ಬಂದ ಹೆಂಗಸಿನ ಫೋನಿನಲ್ಲೂ ಅದೇ ಸ್ಟಿಕರ್. ಆ ಹೆಂಗಸು ಯಾವುದೋ ದೂರದ ಊರಿನವಳು. ಬೆರಗಾಗಿ ನಿಂತೆ, ಡ್ರೈಯರ್ ಕೈಯಲ್ಲೇ ಬಿಸಿಯಾಯಿತು.

ಲೀಡರ್ ಎಳೆಯುವಾಗ ನನ್ನ ಬೆನ್ನ ಹಿಂದೆಯೇ ಇರುತ್ತಿದ್ದಳು. ಅವಳ ಕೈಗೆ ಪೆನ್ಸಿಲ್ ವಾಸನೆ. ಮನೆ ಬಾಗಿಲು ಹಾಕಿದರೆ ಅವತ್ತಿನದು ಮುಗಿಯಿತು. ಒಂದು ಸಲ ನಾನು ನಿಜವಾಗಿ ಅತ್ತಾಗ ಗಾಬರಿಯಾಗಿ ಕೈ ಬಿಟ್ಟಳು. ಈ ಸ್ಟಿಕರಿಗೆ ಬಿಡುವ ಕೈಯೇ ಇಲ್ಲ. ಅತ್ತದ್ದನ್ನೇ ಹಂಚುತ್ತಾರೆ...

ಫೆಬ್ರವರಿ 17
ಬಂದಳು. ಲೀಡರ್, ಮುಖಕ್ಕೆ ಸ್ಕಾರ್ಫ್. ಓನರ್ ಅಕ್ಕ ಊಟಕ್ಕೆ ಹೋಗಿದ್ದರು.

ಪೂರ್ತಿ ಕತ್ತರಿಸು, ಗುರುತೇ ಸಿಗಬಾರದು ಎಂದಳು. ಸ್ಕೂಲಿಗೆ ಹೋಗದೆ ವಾರವಾಗಿದೆಯಂತೆ. ಇನ್ನು ಹೋಗುವುದೂ ಇಲ್ಲವಂತೆ, ನನ್ನ ಹಾಗೆ.

ಇಷ್ಟು ದಿನ ಬಾಯಿಪಾಠ ಮಾಡಿಕೊಂಡಿದ್ದ ಬೈಗುಳವೆಲ್ಲ ಮರೆತುಹೋಯಿತು.

“ನಿನ್ನ ಜಡೆ ಎಳೆದೋಳು ಯಾರು ಅಂತ ನಿಂಗೆ ಗೊತ್ತಿತ್ತು,” ಎಂದಳು. “ನಾನು ಯಾರ ಜಡೆ ಎಳೀಲಿ, ಹೇಳೇ?”

ನಮ್ಮಲ್ಲಿ ಮುಂದೊಂದು, ಹಿಂದೊಂದು ಕನ್ನಡಿ. ಅವಳ ಮುಖ ಒಂದರೊಳಗೊಂದು ಸಣ್ಣದಾಗುತ್ತ ಹೋಗಿತ್ತು, ಕೊನೆಯೇ ಕಾಣಲಿಲ್ಲ. ನೋಡಿ ಕಣ್ಣು ಮುಚ್ಚಿಕೊಂಡಳು. ಹಿಂದಿನ ಕನ್ನಡಿಗೆ ಟವೆಲ್ ಹಾಕಿದೆ. ಒಬ್ಬಳೇ ಉಳಿದಳು.

ಅವಳ ಜಡೆ ನನ್ನ ಕೈಯಲ್ಲಿ. ಸುಳ್ಳು ಬರೆಯುವುದಿಲ್ಲ — ಎಳೆದೆ. ಒಂದೇ ಸಲ. ಮೆಲ್ಲಗಲ್ಲ.

“ಆಯ್ತಾ?” ಎಂದಳು.

“ಹೂಂ, ಆಯ್ತು.”

ಇಬ್ಬರಿಗೂ ನಗು ಬಂತು. ಅವಳದು ಅರ್ಧಕ್ಕೇ ಅಳುವಾಯಿತು. ನಾನು ಅಲ್ಲೇ ನಿಂತಿದ್ದೆ, ಕನ್ನಡಿಯಲ್ಲಿ ಅವಳ ಕಣ್ಣೆದುರಿಗೆ.

ಕತ್ತರಿ ಡ್ರಾಯರಿಗೆ ಹಾಕಿದೆ. ಬಿಚ್ಚಿ, ಬಾಚಿ, ಬಿಗಿಯಾಗಿ ಹೆಣೆದೆ. “ಸ್ಕೂಲ್ ಬಿಟ್ಟು ನೋಡಿದೋಳು ಹೇಳ್ತಿದೀನಿ, ಬಿಡಬೇಡ. ನಾಳೆ ಗೇಟ್‌ವರೆಗೂ ನಾನೂ ಬರ್ತೀನಿ.”

ಫೆಬ್ರವರಿ 18, ಮಧ್ಯಾಹ್ನ
ಬೆಳಿಗ್ಗೆ ಸ್ಕಾರ್ಫ್ ಇಲ್ಲದೆ ಬಂದಳು, ಮತ್ತೆ ಜಡೆ ಹೆಣೆದುಕೊಟ್ಟೆ. ಗೇಟಿನಲ್ಲಿ ಎಷ್ಟೊಂದು ಜನ. ಒಬ್ಬರೂ ನಗಲಿಲ್ಲ. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಡೆದಳು, ನೋಡಿದವರೆಲ್ಲ ಕಣ್ಣು ತಗ್ಗಿಸಿದರು. ಇಷ್ಟು ಸಣ್ಣ ಮಕ್ಕಳೇ ಅಷ್ಟು ದೊಡ್ಡದನ್ನು ಮಾಡಿದ್ದು? ನನಗೆ ಇನ್ನೂ ನಂಬಲಾಗುತ್ತಿಲ್ಲ.

ತನ್ನ ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಟವೆಲ್ ರಾಶಿಯ ಕೆಳಗಿಟ್ಟಿದ್ದೇನೆ. ಗುಂಯ್ ಎನ್ನುತ್ತಲೇ ಇದೆ. ನೋಡುವವರಿಲ್ಲ, ಆದರೂ ನಿಲ್ಲುತ್ತಿಲ್ಲ...

ಸಂಜೆ
ಮತ್ತೆ ಗುಂಯ್. ಸ್ಕೂಲ್ ಬಿಟ್ಟಿರಬೇಕು. ಬೀದಿ ತುಂಬಾ ಯೂನಿಫಾರ್ಮ್. ಅಗೋ, ಬಂದಳು. ಜಡೆ ಬೆಳಿಗ್ಗೆ ನಾನು ಹೆಣೆದ ಹಾಗೇ ಇದೆ —