ಮೂರನೇ ದಿನದ ನೀರು

ಹುಮನಾಬಾದ್,
೪ ಜನವರಿ ೨೦೨೬, ಐತವಾರ

ಪ್ರೀತಿಯ ತಮ್ಮ ಅಜೀತಗ ನಿನ್ನ ಅಕ್ಕ ರತ್ನಮಾಲಾಳ ಸಪ್ರೇಮ ಜೈಭೀಮ.

ನಿನ್ನ ತಬಿಯತ್ ಹ್ಯಾಂಗದ? ಹೋದ ತಿಂಗಳು ಕಿವಿ ನೋಯ್ತದ ಅಂದಿದ್ದಿ. ದಿನಾ ಉಪ್ಪುನೀರಾಗ ಮುಳುಗಿ ಏಳಾಂವಗ ಇದು ಇದ್ದದ್ದೇ ಅಂತ ನಕ್ಕು ಬಿಟ್ಟಿ, ಡಾಕ್ಟರಿಗಿ ತೋರಿಸಿದ್ಯೋ ಇಲ್ಲೋ ಹೇಳಲಿಲ್ಲ. ಕಿವಿ ವಿಷಯದಾಗ ಹುಡುಗಾಟ ಮಾಡಬ್ಯಾಡ, ಜಲ್ದಿ ತೋರಿಸು. ಇಲ್ಲಿ ನಾವೆಲ್ಲ ಆರಾಮ ಇದ್ದೀವಿ. ಈ ಸಲ ಥಂಡಿ ಜೋರ ಅದ, ಮುಂಜಾನೆ ಅಪ್ಪನ ಮೊಣಕಾಲು ಹಿಡೀತಾವ, ಬಿಸಿಲು ಬಂದ ಮ್ಯಾಲ ಸಡ್ಲ ಆಗ್ತಾವ. ಊರಾಗ, ದುಬಲಗುಂಡಿಯಾಗ ನಮ್ಮ ತೊಗರಿ ರಾಶಿ ಮುಗೀತು, ಹಂಗಾಗಿ ಹೊಲದ ಫಿಕರ್ ಇಲ್ಲದ ಅಂಡಮಾನಕ್ಕ ನಿನ್ನ ಹಂತ್ಯಾಕ ಬರಬಹುದು ಅಂತ ಅಪ್ಪ ಖುಷಿಯಾಗಿದ್ದಾನ. ನನ್ನ ಮಗಳು ಪೂನಂಗ ಎಂಟು ತುಂಬಿದವು. ನಿಮ್ಮ ಭಾವಗ ಫ್ಯಾಕ್ಟರಿಯಾಗ ರಜಾ ಸಿಗಲಿಲ್ಲ, ಅವರು ಬರೂದಿಲ್ಲ. ನನಗ ಪ್ಯಾಕಿಂಗ್ ಕೆಲಸದಿಂದ ಹತ್ತು ದಿನ ರಜಾ ಕೊಟ್ಟಾರ. ಫೋನಿನಾಗ ಮಾತಾಡೂದು ಬಿಟ್ಟು ಇಕಿ ಯಾಕ ಕಾಗದ ಬರದಾಳ ಅಂತ ನಿನಗ ಅನಸಬಹುದು. ನೀ ಫೋನ್ ಮಾಡಿದಾಗ ತಿರುಗಾಟದ ಮಾತು ಮುಗೀತಂದ್ರ ‘ಸರಿ ಅಕ್ಕಾ, ಬೋಟ್ ಬಂತು’ ಅಂತ ಇಟ್ಟು ಬಿಡ್ತಿ. ನಡುವ ಹೇಳಬೇಕಂದ ಮಾತು ಹಂಗೇ ಉಳೀತದ. ಕಾಗದ ಆದರ ನೀ ನಡುವ ಇಡಲಿಕ್ಕ ಆಗೂದಿಲ್ಲ.

ನೀ ಬರದು ಕಳಿಸಿದ ಆರು ದಿನದ ಪ್ಲಾನನ್ನ ಅಪ್ಪ ಇಲ್ಲಿ ಬಸ್ ಸ್ಟ್ಯಾಂಡ್ ಹಂತ್ಯಾಕಿನ ಝೆರಾಕ್ಸ್ ಅಂಗಡ್ಯಾಗ ದೊಡ್ಡದು ಮಾಡಿಸಿ ತಗೊಂಡಾನ. ಅದನ್ನ ಮಡಚಿ ಅಂಗಿ ಕಿಸೆದಾಗ ಇಟ್ಕೊಂಡು ತಿರುಗ್ತಾನ, ಯಾರರೇ ಸಿಕ್ಕರ ತೆಗದು ತೋರಸ್ತಾನ. ಮೊದಲನೇ ದಿನ ಇಂಗ್ರೇಜರ ಕಾಲದ ಜೈಲು ನೋಡೂದು ಅಂತ ಬರದೀದಿ ನೋಡು, ಅದಕ್ಕ ಅರ್ಧ ದಿನ ಸಾಲೂದಿಲ್ಲ ಅಂತಾನ ಅವನು. ಸಂಜೀಗಿ ಅಲ್ಲಿ ಬಣ್ಣದ ಬೆಳಕಿನ್ಯಾಗ ಆ ಜೈಲಿನ ಕಥಿ ಹೇಳ್ತಾರಂತಲ್ಲ, ಅದೂ ನೋಡಬೇಕಂತ. ಬಾಕಿ ಏನು ಬಿಟ್ಟರೂ ನಡೀತದ, ಇದು ಬಿಡಬ್ಯಾಡ್ರಿ ಅಂತ ನಿನಗ ಬರಿಯಲಿಕ್ಕ ಹೇಳ್ಯಾನ. ಎರಡನೇ ದಿನ ದೊಡ್ಡ ಬೋಟಿನ್ಯಾಗ ನಿನ್ನ ಹ್ಯಾವಲಾಕ್ ನಡುಗಡ್ಡಿಗಿ ಬರೂದು, ಸಂಜೀ ಮುಂದ ರಾಧಾನಗರದ ದಂಡಿ ಮ್ಯಾಲ ಹೊತ್ತು ಮುಳುಗೂದು ನೋಡೂದು, ಇದು ಎಲ್ಲಾರಿಗೂ ಒಪ್ಪಿಗಿ. ಅಲ್ಲಿ ಐದೂವರೀ ಒಳಗೇ ಹೊತ್ತು ಮುಳುಗ್ತದ ಅಂತ ನೀ ಬರದದ್ದು ಓದಿ ಅಪ್ಪ, ಹಂಗಾದ್ರ ಊಟಕ್ಕ ಎಷ್ಟು ಗಂಟೇಕ್ಕ ಕೂಡ್ತಾರ ಅಂತ ಕೇಳಿದ. ಅವ್ವಗ ಉಸುಕಿನ್ಯಾಗ ನಡೀಲಿಕ್ಕ ತ್ರಾಸ ಆಗ್ತದ, ಹಿಂದ ಪಟ್ಟಿ ಇರೂ ಚಪ್ಪಲ್ ತರ್ರಿ ಅಂತ ನೀ ಸಣ್ಣ ಅಕ್ಷರದಾಗ ಬರದಿದ್ದಿ. ಅದನ್ನ ನಾ ಓದಿ ಹೇಳಿದಾಗ ಅವ್ವ ಕೈಯಾಗಿನ ಮೊರ ಕೆಳಗ ಇಟ್ಟು, ಮತ್ತೊಮ್ಮಿ ಓದು ಅಂದ್ಳು. ದೀಪಾವಳಿ ಮುಂದ ನಿನ್ನ ಟಿಕೆಟ್ ಬಂದಾಗ ಅವ್ವ ಬರ್ತೀನಿ ಅಂದಿದ್ದಿಲ್ಲ, ಬರೂದಿಲ್ಲ ಅಂತಾನೂ ಅಂದಿದ್ದಿಲ್ಲ. ಅದನ್ನೇ ನಾವು ಹೌದು ಅಂತ ತಿಳ್ಕೊಂಡಿದ್ವಿ.

ಗಡಬಡ ಆದದ್ದು ಮೂರನೇ ದಿನದ ಮ್ಯಾಲ. ‘ಪೂನಂ ನನ್ನ ಜೋಡಿ ನೀರಾಗ. ಹವಳ, ಬಣ್ಣದ ಮೀನು. ಜಾಕೆಟ್ ಹಾಕಸ್ತೀನಿ, ಕೈ ಬಿಡೂದಿಲ್ಲ. ಒಂದು ತಾಸು’ ಅಂತ ಬರದಿದ್ದಿ. ಪೂನಂಗ ಅದೇ ಹುಚ್ಚು ಹಿಡದದ. ಬಾಯಿಲೆ ಉಸಿರಾಡಬೇಕಾಗ್ತದ ಅಂತ ನೀ ಹೇಳಿದ ದಿನದಿಂದ ಮೂಗು ಹಿಡ್ಕೊಂಡು ಮನೀ ತುಂಬ ತಿರುಗ್ತಾಳ. ಡಿಸೆಂಬರ್ ಮೊದಲನೇ ವಾರ ನಾವು ದುಬಲಗುಂಡಿಗಿ ಹೋದಾಗ ಅಂಗಳದಾಗ ನೀರಿನ ಬಕೆಟಿನ್ಯಾಗ ಮಾರಿ ಮುಳಗಿಸಿ ಎಣಸಾಕತ್ತಿದ್ಳು. ಅವ್ವ ಒಳಗಿಂದ ಬಂದು ಅದನ್ನ ನೋಡಿ, ಕೂಸಿನ ಜುಟ್ಟು ಹಿಡದು ಎಬ್ಬಿಸಿ, ಬಕೆಟ್ ಒದ್ದಳು. ನೀರು ಅಂಗಳ ತುಂಬ ಹರೀತು. ಆಮ್ಯಾಲ ಅಪ್ಪನ ಕಿಸೆದಾಗಿನ ಕಾಗದ ತೆಗದು, ಮೂರನೇ ದಿನ ಯಾವದು ಅಂತ ಕೇಳಿ, ಪೂನಂದೇ ಪೆನ್ ತಗೊಂಡು ಆ ಸಾಲು ಹೊಡದು ಹಾಕಿದ್ಳು. ‘ಅವನ ಕೈಯಾಗ ಕೂಸು ಕೊಡೂದಿಲ್ಲ’ ಅಂದ್ಳು. ಅಪ್ಪ ಎಂದೂ ಎದುರು ಮಾತಾಡಾಂವಲ್ಲ, ಅವತ್ತು ಮಾತಾಡಿದ. ಅಂವ ಒಂದೊಂದು ಸೀಜನಿಗಿ ನೂರಾರು ಮಂದೀನ ನೀರಾಗ ಇಳಿಸಿ ಹೊರಗ ತರ್ತಾನ, ಅದೇ ಅವನ ಕೆಲಸ ಅಂದ. ಅವ್ವ, ಆ ನೂರು ಮಂದಿ ನನ್ನವರಲ್ಲ ಅಂದ್ಳು.

ಬಾವಿಯ ಆ ದಿವಸದ ಸುದ್ದಿ ನಿನಗ ನಾ ಹೇಳಬೇಕಾಗಿಲ್ಲ. ಆದರೂ ಬರೀತೀನಿ, ಯಾಕಂದ್ರ ಈ ಮಾರ್ಚಿಗಿ ಹದಿಮೂರು ವರ್ಷ ಆಗ್ತಾವ, ನಮ್ಮ ಮನ್ಯಾಗ ಯಾರೂ ಅದನ್ನ ಮೊದಲಿಂದ ಕಡೀತನ ಬಾಯಿ ಬಿಟ್ಟು ಹೇಳಿಲ್ಲ. ನಿನಗ ಹದಿನೇಳು, ನಮ್ಮ ಸಣ್ಣ ತಂಗಿ ಮನೀಷಾಗ ಎಂಟು. ನೀ ಗೆಳ್ಯಾರ ಜೋಡಿ ಊರ ಹೊರಗಿನ ಹಳೇ ಬಾವಿಗಿ ಈಜಲಿಕ್ಕ ಹೋಗಿದ್ದಿ. ಅಕಿ ನಿನ್ನ ಹಿಂದಿಂದ ಒಬ್ಬಾಕೇ ಬಂದು ಆ ಕಡಿ ಮೆಟ್ಟಿಲು ಇಳದಿದ್ದು ನೀವ್ಯಾರೂ ನೋಡಲಿಲ್ಲ. ಪಾಚಿ ಮ್ಯಾಲ ಕಾಲು ಜಾರಿತು. ನೀರಿನ ಮ್ಯಾಲ ಅಕಿ ರಿಬ್ಬನ್ ನೋಡಿದಾಂವ ನೀನೇ, ಮುಳುಗಿ ತಗದಾಂವ ನೀನೇ, ಹೆಗಲ ಮ್ಯಾಲ ಹಾಕ್ಕೊಂಡು ಡಾಂಬರ ರಸ್ತಾತನ ಓಡಿದಾಂವ ನೀನೇ. ಹುಮನಾಬಾದ್ ದವಾಖಾನಿ ಮುಟ್ಟೂದರಾಗ ಮುಗದಿತ್ತು. ಅವ್ವ ನಿನಗ, ನೀನೇ ಕರಕೊಂಡು ಹೋದಿ ಅಂದ್ಳು. ಅಕಿ ಬಂದದ್ದು ನನಗ ಗೊತ್ತೇ ಇಲ್ಲ ಅಂತ ನೀ ಎಷ್ಟು ಸಲ ಅಂದಿ. ಯಾರೂ ನಂಬಲಿಲ್ಲ. ದಿನಾ ಅಕೀನ ಹೆಗಲ ಮ್ಯಾಲ ಕೂಡಿಸ್ಕೊಂಡು ತಿರುಗಾಂವ ನೀನು, ಅವತ್ತು ಅಷ್ಟೇ ಹ್ಯಾಂಗ ಬಿಟ್ಟು ಹೋಗಿರ್ತಿ ಅಂತ ಊರೆಲ್ಲ ಅಂದಿತು. ‘ನೀರೇ ಬೇಕಾಗಿತ್ತಲ್ಲ ನಿನಗ. ನೀರಾಗೇ ಇರು, ನನ್ನ ಕಣ್ಣ ಮುಂದ ಇರಬ್ಯಾಡ’ ಅಂದ್ಳು ಅವ್ವ. ಎಂಟನೇ ದಿನಕ್ಕ ನೀ ಮನೀ ಬಿಟ್ಟಿ. ಮುಂಬೈದಾಗ ಗಾರೆ ಕೆಲಸ ಮಾಡಿ, ಅಲ್ಲಿಂದ ಯಾರದೋ ಹಿಂದ ಅಂಡಮಾನಕ್ಕ ಹೋಗಿ, ಖರೇನೇ ನೀರಾಗ ಉಳದಿ.

ಅವತ್ತು ಅವ್ವ ಸಾಲು ಹೊಡದ ಮ್ಯಾಲ ಪೂನಂ ನನ್ನ ಸೆರಗು ಜಗ್ಗಿ, ಮಾಮಾ ಏನು ತಪ್ಪು ಮಾಡ್ಯಾನ ಅಂತ ಕೇಳಿದ್ಳು. ಮರುದಿನ ನಾ ಕೆಲಸಕ್ಕ ಹೋಗಲಿಲ್ಲ, ಅವ್ವನ ಜೋಡಿ ತೊಗರಿ ಕೊಯ್ಲಿಗಿ ಹೋದೆ. ಹೊಲದಾಗ ನಾವಿಬ್ಬರೇ ಇದ್ದಾಗ ಅಕಿಗಿ ಒಂದು ಮಾತು ಹೇಳಿದೆ. ಏನು ಹೇಳಿದೆ ಅನ್ನೂದು ನಿನಗೂ ಹೇಳಬೇಕು, ಕಡೀಕ ಬರೀತೀನಿ, ಈಗ ಬರದರ ಮುಂದಿಂದು ಬರಿಯಲಿಕ್ಕ ಆಗೂದಿಲ್ಲ. ಅವ್ವ ಕುಡಗೋಲು ಕೈಯಾಗ ಹಿಡ್ಕೊಂಡೇ ನಿಂತ್ಳು. ಆಮ್ಯಾಲ ಬಗ್ಗಿ ಸಾಲು ಮುಗಿಸಿದ್ಳು. ನಾಲ್ಕು ದಿನ ಯಾರ ಜೋಡೀನೂ ಮಾತಾಡಲಿಲ್ಲ ಅಂತ ಅಪ್ಪ ಫೋನಿನಾಗ ಹೇಳಿದ.

ಐದನೇ ದಿನ ಒಬ್ಬಾಕೇ ಬಸ್ ಹತ್ತಿ ಹುಮನಾಬಾದಿಗಿ ಬಂದು ನಮ್ಮ ಬಾಗಿಲಾಗ ನಿಂತಿದ್ಳು. ನೀರು ಕುಡೀ ಅಂದ್ರ ಕುಡೀಲಿಲ್ಲ. ನನ್ನ ಕಲ್ಯಾಣಕ್ಕ ಕರಕೊಂಡು ನಡಿ, ಕೆರೀ ನೋಡಬೇಕು ಅಂದ್ಳು. ಅಜೀತಾ, ಈ ಹದಿಮೂರು ವರ್ಷ ಅವ್ವ ಬಾವೀ ದಾರಿ ತುಳದಿಲ್ಲ. ಬಸ್ಸು ಸೇತುವಿ ದಾಟೂವಾಗ ಕಣ್ಣು ಮುಚ್ಚಾಕಿ ಅಕಿ. ಬಸವಕಲ್ಯಾಣದಾಗ ಇಳದು ಆಟೋ ಮಾಡ್ಕೊಂಡು ತ್ರಿಪುರಾಂತ ಕೆರೀಗಿ ಹೋದ್ವಿ. ಮಧ್ಯಾಹ್ನದ ಬಿಸಿಲು, ಗಾಳಿ ಇದ್ದಿಲ್ಲ, ನೀರು ಸುಮ್ಮನ ಬಿದ್ದಿತ್ತು. ಅವ್ವ ದಂಡೀಗಿ ಒಂದು ಮಾರು ದೂರ ಕುಂತ್ಳು. ಬಹಳ ಹೊತ್ತಿನ ಮ್ಯಾಲ ಎದ್ದು ಹೋಗಿ, ಸೀರಿ ಎತ್ತಿ, ಎರಡೂ ಪಾದ ನೀರಾಗ ಇಟ್ಟಳು. ನಾ ಹಿಡೀಲಿಕ್ಕ ಹೋದರ ಕೈ ಸರಿಸಿದ್ಳು. ಅಲ್ಲೇ ನಿಂತು ಅಂದ್ಳು: ‘ಅಂವ ಖರೇನೇ ಹೇಳಿದ್ದ. ನಾನೇ ಕೇಳಲಿಲ್ಲ.’

ಅಲ್ಲಿಂದ ಬಜಾರಕ್ಕ ಹೋದ್ವಿ. ತನಗೂ ಪೂನಂಗೂ ನೀ ಹೇಳಿದಂಥಾ ಚಪ್ಪಲ್ ತಗೊಂಡ್ಳು. ಮೀನಾಜ್ ಅಂತ ಒಬ್ಬಾಕಿದು ಬಟ್ಟಿ ಅಂಗಡಿ ಅದ, ಅಲ್ಲಿ ನಿನಗ ಒಂದು ಅಂಗಿ ಬೇಕಂದ್ಳು. ಅಳತಿ ಎಷ್ಟು ಅಂತ ಮೀನಾಜ್ ಕೇಳಿದಾಗ ಅವ್ವ ತನ್ನ ಕಿವಿ ಮಟ ಕೈ ಹಿಡದು, ಇಷ್ಟೆತ್ತರ, ಬಡಕ ಅಂದ್ಳು. ಅದು ನೀ ಬಿಟ್ಟು ಹೋದಾಗಿನ ಎತ್ತರ. ಅಂವ ಈಗ ಅಪ್ಪನಕಿಂತ ಎತ್ತರ ಆಗ್ಯಾನ ಅಂತ ನಾ ಹೇಳಿದೆ. ಅವ್ವ ಆ ಕೈ ತನ್ನ ತಲಿ ಮ್ಯಾಲ ಮಟ ಎತ್ತಿದ್ಳು. ಕಡೀಕ ಮೀನಾಜ್ ನನ್ನ ಮೊಬೈಲಿನ್ಯಾಗ ನಿನ್ನ ಫೋಟೋ ನೋಡಿ ಅಂದಾಜಿನಿಂದ ಒಂದು ನೀಲಿ ಅಂಗಿ ಕೊಟ್ಟಳು. ಹಿಡಸದಿದ್ದರೂ ಹಿಡಸ್ತದ ಅಂತ ಹೇಳು.

ನಮ್ಮ ಮನಿಗಿ ಬಂದ ಮ್ಯಾಲ, ಸೆರಗಿನ್ಯಾಗ ಕಟ್ಕೊಂಡು ತಂದಿದ್ದ ಅಪ್ಪನ ಕಾಗದ ತೆಗದು, ಹೊಡದು ಹಾಕಿದ ಸಾಲಿನ ಕೆಳಗ ಅದನ್ನೇ ಮತ್ತ ಬರೀ ಅಂದ್ಳು. ನಾ ಬರೀತಿರೂ ತನಕ ಬಾಜೂಕ ಕುಂತು ನೋಡಿದ್ಳು. ಹಂಗಾಗಿ ಪ್ಲಾನು ಈಗ ಹಿಂಗದ. ಮೂರನೇ ದಿನ ಪೂನಂ ನಿನ್ನ ಜೋಡಿ ನೀರಾಗ, ಅವ್ವ ದಂಡಿ ಮ್ಯಾಲ ಕುಂತು ನೋಡ್ತಾಳ. ಅವ್ವಗ ಅಂತ ನೀ ಬರದ ಗಾಜಿನ ತಳದ ಬೋಟು ಅಕಿಗಿ ಬ್ಯಾಡಂತ. ನಾಲ್ಕನೇ ದಿನ ನೀಲ್ ನಡುಗಡ್ಡಿಯ ಕಲ್ಲಿನ ಕಮಾನು ನೋಡಲಿಕ್ಕ ಬಂಡೆಗಲ್ಲಿನ ಮ್ಯಾಲ ನಡೀಬೇಕಂತಿ, ಅಪ್ಪನ ಮೊಣಕಾಲಿಗಿ ಅದು ಆಗೂದಿಲ್ಲ, ಅದರ ಬದಲಿ ಅಲ್ಲಿ ಕಾಡಿನಾಗ ಸಪಾಟ ದಾರಿ ಇದ್ದರ ಅದನ್ನ ಇಡು. ಐದನೇ ದಿನ ಏನೂ ಇಡಬ್ಯಾಡ. ಅಂವ ಎಲ್ಲಿ ಉಣ್ತಾನ, ಎಲ್ಲಿ ಮಲಗ್ತಾನ, ಅಂಗಿ ಎಲ್ಲಿ ಒಣಗಿಸ್ತಾನ, ನನಗ ಅದನ್ನ ತೋರಿಸಲಿ ಅಂದಾಳ ಅವ್ವ. ಜ್ವಾಳದ ಹಿಟ್ಟು, ಶೇಂಗಾ ಹಿಂಡಿ ಕಟ್ಕೊಂಡು ಬರ್ತಾಳ. ನಿನ್ನ ಖೋಲ್ಯಾಗ ಒಲಿ ಅದನೋ ಇಲ್ಲೋ ತಿಳಿಸು. ಆರನೇ ದಿನದ್ದು ನೀ ಬರದಂಗೇ ಇರಲಿ.

ಅಪ್ಪ ಅವ್ವನ ಆಶೀರ್ವಾದ, ನಿಮ್ಮ ಭಾವನ ಜೈಭೀಮ, ಪೂನಂ ಮಾಮಾಗ ಒಂದು ಮುತ್ತು ಕಳಿಸ್ಯಾಳ. ನಿನ್ನ ಕಿವಿ ಜಲ್ದಿ ಆರಾಮ ಆಗ್ಲಿ, ಸಮುದ್ರ ನಿನ್ನ ಸುಖವಾಗಿ ಇಟ್ಟಿರ್ಲಿ.

ನಿನ್ನ ಅಕ್ಕ,
ರತ್ನಮಾಲಾ

ತಾ.ಕ.: ಸೋಮವಾರ ಮುಂಜಾನೆ. ನಮ್ಮ ಫ್ಯಾಕ್ಟರಿ ಗಾಡಿ ಬರಲಿಕ್ಕ ಕಾಲು ತಾಸು ಅದ, ಈಗ ಬರೀದಿದ್ರ ಮತ್ತ ಬರಿಯೂದಿಲ್ಲ. ಆ ದಿವಸ ಮನೀಷಾನ ಬಾವಿಗಿ ಕಳಿಸಿದಾಕಿ ನಾನು. ಅವ್ವ ಕೂಲಿಗಿ ಹೋಗೂವಾಗ ಇಕಿ ಮ್ಯಾಲ ನಿಗಾ ಇಡು ಅಂತ ನನಗ ಹೇಳಿ ಹೋಗಿದ್ಳು. ಎರಡು ದಿನಕ್ಕ ನನ್ನ ಪಿಯುಸಿ ಪರೀಕ್ಷಾ ಇತ್ತು. ಜಡಿ ಹಾಕು, ಆಡಲಿಕ್ಕ ಬಾ ಅಂತ ಅಕಿ ಪುಸ್ತಕ ಕಸಗೊಂಡ್ಳು. ಅಣ್ಣ ಬಾವಿ ಕಡಿ ಇದ್ದಾನ, ಅವನ ಹಂತ್ಯಾಕ ಹೋಗು ಅಂದು ಹೊರಗ ಹಾಕಿ ಅಗಳಿ ಹಾಕ್ಕೊಂಡೆ. ಇದನ್ನೇ ಹೊಲದಾಗ ಅವ್ವಗ ಹೇಳಿದ್ದು. ನಾ ಕರಕೊಂಡು ಹೋಗಿಲ್ಲ ಅಂತ ನೀ ಅವ್ವನ ಮುಂದ ಅಳೂವಾಗ ನಾ ಬಾಜೂಕೇ ನಿಂತಿದ್ದೆ. ‘ಅಕ್ಕಾ, ನೀನರೇ ಹೇಳು’ ಅಂತ ನೀ ನನ್ನ ಕಡಿ ನೋಡಿದ್ದಿ. ನಾ ಹೇಳಲಿಲ್ಲ. ಮೊದಲು ಅಂಜಿಕಿ ಇತ್ತು. ಆಮ್ಯಾಲ ನೀ ದೂರ ಹೋದಿ, ಒಂದೊಂದು ವರ್ಷ ಹೋದಂಗ ಹೇಳೂದು ಇನ್ನೂ ಕಠಿಣ ಆತು. ಈಗ ಅಪ್ಪಗೂ ಗೊತ್ತದ. ಅವ್ವ ನನಗ ಬೈದಿಲ್ಲ, ಆದರ ಇವತ್ತಿನತನ ನನ್ನ ಕೈಯಿಂದ ಒಂದು ಲೋಟ ನೀರು ತಗೊಂಡಿಲ್ಲ. ಅದು ಅಕಿ ಹಕ್ಕು. ಮಾಫಿ ಮಾಡು ಅಂತ ನಿನಗ ಕೇಳಲಿಕ್ಕ ನನಗ ಬಾಯಿಲ್ಲ. ನೀ ಕಳಿಸಿದ್ದು ನಾಲ್ಕು ಟಿಕೆಟ್. ಮೂರು ಮಂದೀ ಬ್ಯಾಗು ಕಟ್ಟೀನಿ, ನಂದು ಕಟ್ಟಿಲ್ಲ. ಬಾ ಅಂದ್ರ ಬರ್ತೀನಿ. ಬ್ಯಾಡ ಅಂದ್ರ ಹೈದರಾಬಾದ್ ವಿಮಾನ ನಿಲ್ದಾಣದಾಗ ಅವರನ್ನ ಒಳಗ ಬಿಟ್ಟು ತಿರುಗಿ ಬರ್ತೀನಿ, ಯಾಕ ಅಂತ ಕೇಳೂದಿಲ್ಲ. ಇಪ್ಪತ್ತೆರಡನೇ ತಾರೀಖಿಗಿ ಹೊರಡೂದದ, ಅದರೊಳಗ ತಿಳಿಸು.